ವೈರಸ್ ಅಲ್ಲ, ಮೂರರ ಲೆಕ್ಕ

ವಿಜಯಪುರದಲ್ಲಿರುವ ನನ್ನ ಅಣ್ಣನ ಮಗ ವೆಬ್ ಪುಟ ಮಾಡಲು ಕಲಿಯುತ್ತಿದ್ದಾನೆ. ಮೊನ್ನೆ ನೋಟ್‌ಪ್ಯಾಡಿನಲ್ಲಿ ಗೋಳಗುಮ್ಮಟದ ಬಗ್ಗೆ ಒಂದು ಪುಟ ಬರೆದ. ಮೇಲೆ ದಪ್ಪ ತಲೆಬರಹ: ವಿಜಯಪುರ. ಮನೆಯ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಕಂಡಿತು. ಎಲ್ಲರೂ ನೋಡಲೆಂದು ಇಂಟರ್ನೆಟ್ಟಿನಲ್ಲಿ ಪುಟ ಇಡುವ ಕಂಪ್ಯೂಟರಿಗೆ, ಅಂದರೆ ಸರ್ವರಿಗೆ, ಏರಿಸಿದ ಮೇಲೆ ಕನ್ನಡ ಹೋಗಿ ಏನೇನೋ ಚಿಹ್ನೆ ಬಂದವು. ನೆತ್ತಿಯ ಮೇಲೆ ಗೀಟಿರುವ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಪುಟ್ಟ 2, ಮತ್ತೆ ಅದೇ ‘ಎ’.

“ಕಾಕಾ, ವೈರಸ್ ಹೊಕ್ಕೈತಂತ. ಫಾರ್ಮ್ಯಾಟ್ ಹೊಡೀಬೇಕಂತ” ಎಂದ. ಹಾಗಂತ ಹೇಳಿದ ಕಂಪ್ಯೂಟರ್ ರಿಪೇರಿ ಅಂಗಡಿಯವರು ಅಡ್ವಾನ್ಸ್ ಕೂಡ ತೆಗೆದುಕೊಂಡಿದ್ದರು. ಪಕ್ಕದ ಮನೆಯ ಅಜ್ಜಿ ದೃಷ್ಟಿ ತಾಗಿದೆ ಅಂತ ಇಂಡಿ ಊರಿನ ಲಿಂಬೆಹಣ್ಣು ತಂದಿಟ್ಟಿದ್ದರು. ನನಗೆ ಅಂಗಡಿಯವರ ಮೇಲೇ ಜಾಸ್ತಿ ಸಿಟ್ಟು. ಅಜ್ಜಿ ದುಡ್ಡು ಕೇಳಿರಲಿಲ್ಲ.

“ತಲೆಬರಹದಾಗ ಆ ಗೀಟಿನ ‘ಎ’ ಎಷ್ಟು ಸಲ ಬಂದೈತಿ, ಎಣಿಸು” ಎಂದೆ. ಏಳು. ಗುಟ್ಟು ಇರುವುದು ಇಲ್ಲೇ.

ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ನಂಬರು ಕೊಟ್ಟ ಪಟ್ಟಿಯೇ ಯೂನಿಕೋಡ್. ಅದರಲ್ಲಿ ‘ಕ’ದ ನಂಬರು 3221. ಆದರೆ ಕಂಪ್ಯೂಟರ್ ಸಂಖ್ಯೆ ಇಡುವ ಪುಟ್ಟ ಖಾನೆಯಾದ ಒಂದು ಬೈಟಿನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. ಹಾಗಾಗಿ ಯುಟಿಎಫ್-8 ಎಂಬ ಪದ್ಧತಿ ಅದನ್ನು ಮೂರು ಬೈಟು ಮಾಡಿ ಕಳಿಸುತ್ತದೆ: 224, 178, 149. ಇದೊಂದು ಪುಟ್ಟ ರೈಲು. 224 ಎಂಜಿನ್, ‘ನನ್ನ ಹಿಂದೆ ಎರಡು ಡಬ್ಬಿ ಇವೆ’ ಎನ್ನುತ್ತದೆ. 128ರಿಂದ 191ರವರೆಗಿನವು ಬರೀ ಡಬ್ಬಿಗಳು, ಎಂದೂ ಎಂಜಿನ್ ಆಗುವುದಿಲ್ಲ. ನಡುವೆ ಒಂದು ಡಬ್ಬಿ ಕಳಚಿದರೆ ಒಂದು ಅಕ್ಷರ ಹಾಳಾದೀತು, ಮುಂದಿನ ಎಂಜಿನ್ನಿನಿಂದ ಓದು ಮತ್ತೆ ಸರಿ. ಜೋಳದ ಚೀಲಗಳನ್ನು ಮೂರು ಮೂರು ಕಟ್ಟಿ, ಮೊದಲನೆಯದರ ಮೇಲೆ ಮಾತ್ರ ಚೀಟಿ ಅಂಟಿಸಿದ ಹಾಗೆ ಅಂತಲೂ ಅನ್ನಬಹುದು. ಇಂಗ್ಲಿಷ್ ಅಕ್ಷರ ಮಾತ್ರ ಒಂಟಿ ಚೀಲ. ‘ಇದನ್ನು ದಪ್ಪಗೆ ತೋರಿಸು’ ಎಂಬಂಥ ಸೂಚನೆಗಳು, ಅಂದರೆ ಟ್ಯಾಗುಗಳು, ಇಂಗ್ಲಿಷಿನಲ್ಲಿವೆ, ಅಲ್ವಾ? ಅದಕ್ಕೇ ಅಕ್ಷರ ಕೆಟ್ಟರೂ ತಲೆಬರಹ ದಪ್ಪಗೇ ಬಂದಿತ್ತು. ವೈರಸ್ಸಿಗೆ ಇಷ್ಟು ಶಿಸ್ತು ಎಲ್ಲಿಂದ ಬರಬೇಕು!

1992ರಲ್ಲಿ ಕಂಪ್ಯೂಟರ್ ತಜ್ಞರಾದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಅಮೆರಿಕದ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ, ಥಾಂಪ್ಸನ್ ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಈ ಯುಟಿಎಫ್-8 ಪದ್ಧತಿಯನ್ನು ಗೀಚಿದರು. ಟಿಮ್ ಬರ್ನರ್ಸ್-ಲೀ ಅವರ ವೆಬ್ ಆಗಿನ್ನೂ ಎಳೆಗೂಸು. 1993ರ ಏಪ್ರಿಲ್ 30ರಂದು ಅವರು ಕೆಲಸಕ್ಕಿದ್ದ ಸರ್ನ್ ವಿಜ್ಞಾನ ಸಂಸ್ಥೆ ಆ ವೆಬ್ಬನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟಿತು.

ಸರಿ, ‘ವಿಜಯಪುರ’ಕ್ಕೆ ಬರೋಣ. ಕಣ್ಣಿಗೆ ಐದು ಅಕ್ಷರ. ಗುಡಿಸು, ಕೊಂಬು ಬೇರೆ ಬೇರೆ ಎಣಿಸಿದರೆ ಏಳು. ಏಳು ಮೂರಲೆ ಇಪ್ಪತ್ತೊಂದು ಬೈಟು. ಕಂಪ್ಯೂಟರಿನಲ್ಲೇ ಇರುವ ಫೈಲಾದರೆ ಈಗಿನ ಬ್ರೌಸರ್ ಪದ್ಧತಿ ಯಾವುದೆಂದು ತಾನೇ ಊಹಿಸುತ್ತದೆ. ಸರ್ವರಿನಿಂದ ಬಂದ ಪುಟಕ್ಕೆ ಯಾರೂ ಪದ್ಧತಿ ಹೇಳದಿದ್ದರೆ ಸುಮ್ನೆ ಹಳೆಯ ಇಂಗ್ಲಿಷ್ ಪಟ್ಟಿ ಹಿಡಿದು ಒಂದೊಂದೇ ಚೀಲ ಬಿಚ್ಚುತ್ತದೆ. ಆ ಪಟ್ಟಿಯಲ್ಲಿ 224 ಅಂದರೆ ಗೀಟಿನ ‘ಎ’, 178 ಅಂದರೆ ಪುಟ್ಟ 2.

ಹುಡುಗ ಬರೆಯಲು ಮರೆತದ್ದು, ಪುಟ ಯಾವ ಪದ್ಧತಿಯಲ್ಲಿದೆ ಎಂದು ಬ್ರೌಸರಿಗೆ ಹೇಳುವ ಒಂದೇ ಸಾಲು: ಮೆಟಾ ಚಾರ್‌ಸೆಟ್ ಯುಟಿಎಫ್-8. ಅದು ಮೊದಲ 1024 ಬೈಟುಗಳೊಳಗೇ ಇರಬೇಕೆಂಬ ನಿಯಮವಿದೆ. ಕನ್ನಡದಲ್ಲಿ ಅಷ್ಟು ಜಾಗ ಬೇಗ ತುಂಬುತ್ತದೆ. ಅದಕ್ಕೆ ಶೀರ್ಷಿಕೆಗಿಂತ ಮೇಲೆ ಬರೆಸಿದೆ. ಮತ್ತೆ ಏರಿಸಿ ರಿಫ್ರೆಶ್ ಮಾಡಿದ, ವಿಜಯಪುರ ಬಂತು. ಲಿಂಬೆಹಣ್ಣು ಪಾನಕಕ್ಕೆ ಹೋಯಿತು. ಅಡ್ವಾನ್ಸ್ ಮಾತ್ರ ಇನ್ನೂ ಬಂದಿಲ್ಲ.