ಪದ ಪರಿಚಯ: ನಿರುದ್ಯೋಗ ಭತ್ಯೆ

ಕರ್ನಾಟಕದಲ್ಲಿ ಈಗ ನಿರುದ್ಯೋಗ ಭತ್ಯೆ ಎಂದರೆ ಹೆಚ್ಚಿನವರ ಬಾಯಲ್ಲಿ ಮೊದಲು ಬರುವುದು ಯುವನಿಧಿ. ಓದು ಮುಗಿಸಿ 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಹತ್ತು ವರ್ಷ ದುಡಿದ ಮೇಲೆ ಒಂದು ದಿನ 'ನಾಳೆಯಿಂದ ಬರಬೇಡಿ' ಅನ್ನಿಸಿಕೊಂಡವರಿಗೆ ಇದರಿಂದ ಪ್ರಯೋಜನವಿಲ್ಲ. ಅವರಿಗಿರುವ ದಾರಿ ಬೇರೆ, ಅದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಚೇರಿಯ ಕಡೆಗೆ ಹೋಗುತ್ತದೆ.

ಯುವನಿಧಿ ಸರ್ಕಾರ ಕೊಡುವ ನೆರವು, ಇಎಸ್‌ಐ ವಿಮೆ. ತಿಂಗಳ ಸಂಬಳ 21,000 ರೂಪಾಯಿಯೊಳಗೆ ಇರುವವರಿಂದ ಶೇ 0.75ರಷ್ಟು ಮುರಿದುಕೊಂಡು, ಮಾಲೀಕರು ತಮ್ಮ ಪಾಲಿನ ಶೇ 3.25 ಸೇರಿಸಿ ಇಎಸ್‌ಐಗೆ ಕಟ್ಟುತ್ತಾರೆ. ಪೀಣ್ಯದ ವರ್ಕ್‌ಶಾಪುಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಎಷ್ಟೋ ಜನ ಈ ದುಡ್ಡು ಆಸ್ಪತ್ರೆಗೆ ಮಾತ್ರ ಎಂದುಕೊಂಡಿದ್ದಾರೆ. ಕೆಲಸ ಹೋದಾಗಲೂ ಇದರಿಂದ ಹಣ ಕೇಳಬಹುದು ಎಂದು ಹೇಳುವ ಎಚ್‌ಆರ್‌ಗಳು ಕಡಿಮೆ.

ಹೀಗೆ ಕೇಳಲು ಎರಡು ಯೋಜನೆಗಳಿವೆ. 2005ರಲ್ಲಿ ಶುರುವಾದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಕಾರ್ಖಾನೆ ಮುಚ್ಚಿದಾಗ ಅಥವಾ ಕಾನೂನುಬದ್ಧವಾಗಿ ರಿಟ್ರೆಂಚ್‌ಮೆಂಟ್ (ತಪ್ಪಿಲ್ಲದಿದ್ದರೂ ಮಾಲೀಕರೇ ಕೆಲಸದಿಂದ ತೆಗೆಯುವುದು) ಆದಾಗ ಅನ್ವಯಿಸುತ್ತದೆ. ಕೊಡುವುದು ಗಟ್ಟಿ: ಮೊದಲ 12 ತಿಂಗಳು ಸಂಬಳದ ಅರ್ಧ, ಮುಂದಿನ 12 ತಿಂಗಳು ಕಾಲು ಭಾಗ. ಆದರೆ ಕಾಗದಪತ್ರ ಹೊಂದಿಸುವುದೇ ಕಷ್ಟ.

2018ರ ಜುಲೈನಲ್ಲಿ ಬಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಸ್ವಲ್ಪ ಸಡಿಲ. ಮೊದಲಿಗೆ ಸರಾಸರಿ ದಿನಗೂಲಿಯ ಶೇ 25 ಕೊಡುತ್ತಿದ್ದರು. ಕೋವಿಡ್ ಬಂದಾಗ ಅದನ್ನು ಶೇ 50ಕ್ಕೆ ಏರಿಸಿದರು. ಕೆಲಸ ಹೋದ ಮೇಲೆ ಕಾಯಬೇಕಾದ ಅವಧಿಯೂ 90 ದಿನದಿಂದ 30ಕ್ಕೆ ಇಳಿಯಿತು. ಮುಖ್ಯವಾದ ಬದಲಾವಣೆ ಇನ್ನೊಂದು: ಮಾಲೀಕರ ಸಹಿಗಾಗಿ ಅಲೆಯದೆ ಕಾರ್ಮಿಕರೇ ಇಎಸ್‌ಐ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಕೆಲಸದಿಂದ ತೆಗೆದವರ ಮುಂದೆಯೇ ಹೋಗಿ ಕೈಕಟ್ಟಿ ನಿಲ್ಲುವುದು ಯಾರಿಗೆ ಬೇಕು?

15,000 ಸಂಬಳದವರಿಗೆ ದಿನಕ್ಕೆ ಅಂದಾಜು 245 ರೂಪಾಯಿ, ಒಟ್ಟು ಸುಮಾರು 22,000. ಸಿಗುವುದು ಗರಿಷ್ಠ 90 ದಿನ, ಅದೂ ಜೀವಮಾನಕ್ಕೆ ಒಮ್ಮೆ. ಮನೆ ಬಾಡಿಗೆಗೆ, ರೇಷನ್‌ಗೆ ಆದೀತು, ಅಷ್ಟೇ. ಕನಿಷ್ಠ ಎರಡು ವರ್ಷ ಇಎಸ್‌ಐ ವ್ಯಾಪ್ತಿಯ ಕೆಲಸದಲ್ಲಿರಬೇಕು. ಕೊನೆಯ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ (ಇಎಸ್‌ಐಗೆ ಕಟ್ಟುವ ಹಣ) ಸಂದಿರಬೇಕು, ಅದರ ಹಿಂದಿನ ಮೂರು ಅವಧಿಗಳಲ್ಲಿ ಒಂದರಲ್ಲಾದರೂ ಅಷ್ಟೇ ಇರಬೇಕು. ದುರ್ನಡತೆಯ ಶಿಕ್ಷೆಯಾಗಿ ಕೆಲಸ ಹೋದವರಿಗೆ, ನಿವೃತ್ತರಾದವರಿಗೆ, ಸ್ವಯಂನಿವೃತ್ತಿ ಪಡೆದವರಿಗೆ ಇಲ್ಲ. ಐಪಿ ನಂಬರ್ (ಇಎಸ್‌ಐ ವಿಮೆದಾರರ ಸಂಖ್ಯೆ), ಆಧಾರ್, ಬ್ಯಾಂಕ್ ಪಾಸ್‌ಬುಕ್ ಕೈಯಲ್ಲಿರಲಿ. ಇದು ಅವಧಿ ಗೊತ್ತುಮಾಡಿ ಮತ್ತೆ ಮತ್ತೆ ವಿಸ್ತರಿಸುತ್ತ ಬಂದ ಯೋಜನೆ. ಅರ್ಜಿಗೆ ಮುಂಚೆ ಶಾಖಾ ಕಚೇರಿಯಲ್ಲಿ ಈಗಿನ ನಿಯಮ ಕೇಳಿಕೊಳ್ಳಿ.

ಬೆಂಗಳೂರಿನ ಐಟಿ ನೌಕರರಲ್ಲಿ ಹೆಚ್ಚಿನವರ ಸಂಬಳ ಇಎಸ್‌ಐನ 21,000 ರೂಪಾಯಿಯ ಮಿತಿಯನ್ನು ಎಂದೋ ದಾಟಿದೆ. ಅವರಿಗೆ ಉಳಿಯುವುದು ಪಿಎಫ್ ಮತ್ತು ಕಂಪನಿ ಕೊಡುವ ಪರಿಹಾರ. 1947ರ ಕೈಗಾರಿಕಾ ವಿವಾದ ಕಾಯ್ದೆ ಕಾರ್ಮಿಕರಿಗೆ ಗೊತ್ತುಮಾಡಿದ್ದ ರಿಟ್ರೆಂಚ್‌ಮೆಂಟ್ ಪರಿಹಾರ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ಆದರೆ ತಾನಾಗಿ ಬಿಟ್ಟವರನ್ನು ಕಾನೂನು ತೆಗೆದುಹಾಕಿದವರೆಂದು ಎಣಿಸುವುದಿಲ್ಲ. ಹಾಗಾಗಿ ಕೊನೆಯ ದಿನ ಎಚ್‌ಆರ್ ಒಂದು ಹಾಳೆ ಮುಂದಿಟ್ಟು 'ರಾಜೀನಾಮೆ ಬರೆದುಕೊಡಿ, ನಿಮಗೇ ಒಳ್ಳೆಯದು' ಎಂದರೆ, ತಿಳಿದವರೊಬ್ಬರನ್ನು ಕೇಳದೆ ಸಹಿ ಹಾಕಬೇಡಿ.