ಮಾವಿನ ಮರದ ನೆರಳಿನಲ್ಲಿ ಏನು ಬೆಳೆಸಬಹುದು?

ಪ್ರಶ್ನೆ: ಶ್ರೀನಿವಾಸಪುರದ ನಮ್ಮ ಮನೆಯ ಹಿತ್ತಲಿನಲ್ಲಿ ದೊಡ್ಡ ಮಾವಿನ ಮರವಿದ್ದು, ವರ್ಷವಿಡೀ ದಟ್ಟ ನೆರಳಿರುತ್ತದೆ. ಹುಲ್ಲುಹಾಸು ಹಾಕಿಸಿದರೂ ಉಳಿಯಲಿಲ್ಲ. ಅಲ್ಲಿ ಬೇರೇನಾದರೂ ಬೆಳೆಯುತ್ತದೆಯೇ, ಅಥವಾ ಸಿಮೆಂಟ್ ಹಾಕಿಸಿಬಿಡುವುದೇ ಒಳ್ಳೆಯದೇ?

ಉತ್ತರ: ದಯವಿಟ್ಟು ಸಿಮೆಂಟ್ ಹಾಕಿಸಬೇಡಿ. ಮಾವಿನ ಮರಕ್ಕೆ ನೀರು ಮತ್ತು ಪೋಷಕಾಂಶಗಳನ್ನು ಒದಗಿಸುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನಲ್ಲೇ ಹಬ್ಬಿರುತ್ತವೆ. ನೆಲವನ್ನು ಮುಚ್ಚಿದರೆ ಅವುಗಳಿಗೆ ಮಳೆನೀರೂ ಗಾಳಿಯೂ ತಲುಪುವುದಿಲ್ಲ. ಹುಲ್ಲು ಉಳಿಯದಿರುವುದಕ್ಕೂ ಈ ಬೇರುಗಳೊಂದಿಗಿನ ಪೈಪೋಟಿ ಒಂದು ಕಾರಣ, ಬಿಸಿಲಿನ ಕೊರತೆ ಇನ್ನೊಂದು.

ನೆರಳಿಗೆಂದು ಕೇಳಿದರೆ ನರ್ಸರಿಗಳಲ್ಲಿ ಸಾಮಾನ್ಯವಾಗಿ ಜರೀಗಿಡದಂಥವನ್ನು ತೋರಿಸುತ್ತಾರೆ. ಅವು ನೆರಳಿಗೆ ಒಗ್ಗುತ್ತವೆ, ನಿಜ. ಆದರೆ ಅವುಗಳಿಗೆ ಸದಾ ತೇವ ಬೇಕು, ಮಾವಿಗಾದರೋ ಹೂ ಬಿಡುವ ಮುನ್ನ ಒಂದೆರಡು ತಿಂಗಳು ನೆಲ ಒಣಗಿರಬೇಕು. ಕೋಲಾರದ ಕಡೆ ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಮಾವು ಹೂ ಬಿಡುವುದರಿಂದ, ನವೆಂಬರಿನಲ್ಲಿ ಕೆಳಗಿನ ಗಿಡಗಳಿಗೆಂದು ದಿನವೂ ನೀರು ಹಾಯಿಸಿದರೆ ಮರವು ಹೂವಿನ ಬದಲು ಚಿಗುರನ್ನೇ ತಳ್ಳುವ ಸಂಭವ ಹೆಚ್ಚು. ಈ ಸೀಮೆಯಲ್ಲಿ ಕೊಳವೆಬಾವಿಯ ನೀರು ಎಷ್ಟು ಆಳದಿಂದ ಬರುತ್ತದೆಂಬುದು ನಿಮಗೇ ತಿಳಿದಿದೆ; ಅದನ್ನು ಖರ್ಚುಮಾಡಿ ಫಸಲು ಕಳೆದುಕೊಳ್ಳುವುದು ಯಾರಿಗೂ ಬೇಡ.

ಆದ್ದರಿಂದ ಮಳೆಗಾಲದಲ್ಲಿ ಬೆಳೆದು, ಚಳಿಗಾಲದಲ್ಲಿ ಎಲೆ ಒಣಗಿಸಿಕೊಂಡು ಮಣ್ಣಿನೊಳಗೆ ಮಲಗುವ ಗೆಡ್ಡೆಯ ಗಿಡಗಳೇ ಇಲ್ಲಿಗೆ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅರಿಶಿನ ಮತ್ತು ಸುವರ್ಣಗೆಡ್ಡೆಯನ್ನು ಮೇ ಕೊನೆಯಲ್ಲೋ ಜೂನ್ ಮೊದಲಲ್ಲೋ ನೆಟ್ಟರೆ ಅಕ್ಟೋಬರಿನ ಮಳೆಯವರೆಗೂ ನೆಲ ಹಸುರಾಗಿರುತ್ತದೆ. ಬಿಸಿಲಿನಲ್ಲಿ ಬೆಳೆದಷ್ಟು ದಪ್ಪ ಗೆಡ್ಡೆ ಸಿಗದಿದ್ದರೂ ಅಗಲವಾದ ಎಲೆಗಳ ಅಂದಕ್ಕೆ ಕೊರತೆಯಿಲ್ಲ. ಇನ್ನೊಂದು ಅನುಕೂಲವೂ ಇದೆ: ಹೂವಿನ ಕಾಲದಲ್ಲಿ ಜಿಗಿಹುಳು ಬಂದರೆ ಅದರ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು ಕಪ್ಪು ಬೂಷ್ಟು ಹಿಡಿಯುತ್ತದೆ, ಆ ವೇಳೆಗೆ ಈ ಗಿಡಗಳು ಒಣಗಿರುವುದರಿಂದ ಹಾಳಾಗಲು ಎಲೆಗಳೇ ಇರುವುದಿಲ್ಲ. ವರ್ಷವಿಡೀ ಹಸುರು ಬೇಕೆಂದರೆ ಅಂಚಿನ ಅರೆನೆರಳಿನಲ್ಲಿ ದೊಡ್ಡಪತ್ರೆಯನ್ನು ಬೆಳೆಸಿ, ಒಂದೆಲಗದಂಥ ತೇವ ಬೇಡುವ ಗಿಡವನ್ನು ಕುಂಡದಲ್ಲಿಡಿ.

ನೆಡುವಾಗ ನೆಲವನ್ನೆಲ್ಲ ಅಗೆಯದೆ, ಬೇರುಗಳ ನಡುವೆ ಜಾಗ ನೋಡಿ ಚಿಕ್ಕ ಗುಂಡಿಗಳನ್ನಷ್ಟೇ ತೆಗೆಯಬೇಕು; ಹೆಬ್ಬೆರಳಿನಷ್ಟು ದಪ್ಪದ ಬೇರು ಅಡ್ಡ ಬಂದರೆ ಕತ್ತರಿಸದೆ ಪಕ್ಕಕ್ಕೆ ಸರಿಯಿರಿ. ಹೊರಗಿನಿಂದ ಕೆಮ್ಮಣ್ಣು ತಂದು ಬುಡಕ್ಕೆ ಏರಿಸುವ ರೂಢಿ ಹಲವೆಡೆ ಇದೆ. ಅದರಿಂದ ಕಾಂಡದ ತೊಗಟೆ ಕೊಳೆಯಬಹುದು, ಬೇರಿಗೆ ಉಸಿರು ಕಟ್ಟುತ್ತದೆ. ಬುಡದ ಸುತ್ತ ಮೂರು ನಾಲ್ಕು ಅಡಿ ಏನನ್ನೂ ನೆಡಬೇಡಿ. ಉಳಿದೆಡೆ ತರಗೆಲೆಯನ್ನು ಗುಡಿಸಿ ಸುಡುವ ಬದಲು ಹೊದಿಕೆಯಾಗಿ ಬಿಡಿ.

ಕಾಯಿ ಕಿತ್ತ ನಂತರ ಒಳಗಿನ ಒತ್ತಾದ ಸಣ್ಣ ಕೊಂಬೆಗಳನ್ನು ಸವರಿಸಿದರೆ ಸ್ವಲ್ಪ ಬೆಳಕು ಕೆಳಗಿಳಿಯುತ್ತದೆ. ಕೂರಲು ಜಾಗ ಬೇಕಿದ್ದರೆ ಚಪ್ಪಡಿ ಕಲ್ಲುಗಳನ್ನು ಗಾರೆಯಿಲ್ಲದೆ, ತೆಳುವಾದ ಮರಳಿನ ಮೇಲೆ, ನಡುವೆ ನೀರಿಳಿಯಲು ಸಂದು ಬಿಟ್ಟು ಹಾಸಿಸಿಕೊಳ್ಳಿ.