ಹೊಸಬರ ಬೇಲಿ ಎಷ್ಟು ಎತ್ತರವಿರಬೇಕು?

ಆನ್‌ಲೈನ್ ಆಟದ ಅಪಾಯದ ವಲಯ, ಅಂದರೆ ಆಟಗಾರರು ಒಬ್ಬರನ್ನೊಬ್ಬರು ಕೊಲ್ಲಬಹುದಾದ ಜಾಗ, ಹೊಸಬರಿಲ್ಲದೆ ಬಿಕೋ ಎನ್ನತೊಡಗಿದರೆ ವಿನ್ಯಾಸಕಾರರಿಗೆ ಮೊದಲು ಹೊಳೆಯುವುದು ಅಲ್ಲಿನ ಬಹುಮಾನ ಏರಿಸುವುದು. ಬಹುತೇಕ ಸಲ ಅದು ತಪ್ಪು ಮದ್ದು. ಲೆಕ್ಕ ಹಾಕಿಯೇ ನೋಡೋಣ.

ಸುರಕ್ಷಿತ ವಲಯದಲ್ಲಿ ಗಂಟೆಗೆ 6,000 ನಾಣ್ಯ, ಅಪಾಯದ ವಲಯದಲ್ಲಿ 15,000 ದುಡಿಯಬಹುದು ಎಂದುಕೊಳ್ಳಿ. ಸತ್ತರೆ ಮೈಮೇಲಿನ 8,000 ನಾಣ್ಯದ ಗೇರ್ (ಆಯುಧ, ಕವಚ) ಹೋಯಿತು. ಹಳಬ 4 ಗಂಟೆಗೊಮ್ಮೆ ಸಾಯುತ್ತಾನೆ. ಗಂಟೆಗೆ 2,000 ನಷ್ಟ, ಕೈಯಲ್ಲಿ ಉಳಿಯುವುದು 13,000. ದಾರಿ ತಿಳಿಯದ ಹೊಸಬ 40 ನಿಮಿಷಕ್ಕೊಮ್ಮೆ ಸಾಯುತ್ತಾನೆ. ನಷ್ಟ 12,000, ಉಳಿಯುವುದು 3,000. ಸುರಕ್ಷಿತ ವಲಯದ ಅರ್ಧ! ಅವನು ಅತ್ತ ಸುಳಿಯದಿರುವುದು ಪುಕ್ಕಲುತನದಿಂದಲ್ಲ, ಲೆಕ್ಕ ಬರುವುದರಿಂದ.

ಈಗ ಬಹುಮಾನವನ್ನು 20,000ಕ್ಕೆ ಏರಿಸಿ. ಹೊಸಬನಿಗೆ 8,000, ಹಳಬನಿಗೆ 18,000. ಇಬ್ಬರಿಗೂ ಸಿಕ್ಕಿದ್ದು ಅದೇ 5,000. ಆದರೆ ದಿನಕ್ಕೆ ಐದಾರು ಗಂಟೆ ಅಲ್ಲೇ ಬೀಡುಬಿಡುವವನು ಹಳಬ, ಹಾಗಾಗಿ ಮಾರುಕಟ್ಟೆಯಲ್ಲಿ ಬೆಲೆ ಉಬ್ಬಿಸುವುದೂ ಅವನ ನಾಣ್ಯವೇ. ಬಹುಮಾನ ಮುಟ್ಟದೆ ಸಾವಿನ ಬೆಲೆಯನ್ನು 4,000ಕ್ಕೆ ಇಳಿಸಿದರೆ? ಹೊಸಬನಿಗೆ 9,000, ಹಳಬನಿಗೆ 14,000. ಒಬ್ಬನಿಗೆ 6,000 ಹೆಚ್ಚು, ಇನ್ನೊಬ್ಬನಿಗೆ ಬರೀ 1,000. ಯಾರು ಹೆಚ್ಚು ಸಾಯುತ್ತಾರೋ ಅವರಿಗೇ ಹೆಚ್ಚು ನೆರವು.

ಇಳಿಸುವುದು ಹೇಗೆ? ಬೆಲೆಯಲ್ಲಿ ಅರ್ಧ, ಬಲದಲ್ಲಿ ಮಾತ್ರ ಶೇ. 10ರಷ್ಟು ಕಡಿಮೆ ಇರುವ ಗೇರ್ ಕೊಡುವುದು ಎಲ್ಲಕ್ಕಿಂತ ಸರಳ. ಸಾವು ಸ್ವಲ್ಪ ಹೆಚ್ಚೀತು, ಆದರೂ ಲೆಕ್ಕ ಹೊಸಬನ ಪರವೇ ಇರುತ್ತದೆ. ಜೊತೆಗೆ, ಅವನನ್ನು ಕೊಂದವನಿಗೂ ದಕ್ಕುವುದು ಅಷ್ಟಕ್ಕಷ್ಟೇ. ವಿಮೆಯೂ ಒಂದು ದಾರಿ, ಆದರೆ ಜಾಗ್ರತೆ ಬೇಕು. ಬಾಹ್ಯಾಕಾಶ ಹಡಗುಗಳ ಆಟವಾದ ಈವ್ ಆನ್‌ಲೈನ್‌ನಲ್ಲಿ ಅಕ್ರಮ ದಾಳಿ ಮಾಡಿ, ಆಟವೇ ನಡೆಸುವ ಪೊಲೀಸ್ ಪಡೆಯಿಂದ ಹಡಗು ಕಳೆದುಕೊಂಡವನಿಗೂ 2011ರ ಕೊನೆಯವರೆಗೆ ವಿಮೆ ಹಣ ಬರುತ್ತಿತ್ತು. ಕಳ್ಳನಿಗೇ ದಾರಿಖರ್ಚು ಕೊಟ್ಟಂತೆ.

ಆ ಪಡೆಯ ಹೆಸರು ಕಾಂಕರ್ಡ್. 0.5ರಿಂದ 1.0ರವರೆಗಿನ ಭದ್ರತಾ ಅಂಕದ ನಕ್ಷತ್ರ ಮಂಡಲಗಳಲ್ಲಿ ಅದು ಬಂದೇ ಬರುತ್ತದೆ. ಅಂಕ ಕಡಿಮೆಯಾದಷ್ಟೂ ತಡವಾಗಿ ಬರುತ್ತದೆ, ಬರುವುದು ಶಿಕ್ಷಿಸಲೇ ಹೊರತು ಕಾಪಾಡಲು ಅಲ್ಲ. ಹಾಗಾಗಿ ಅಲ್ಲಿ ನಿಜವಾದ ರಕ್ಷಣೆ ಎಂದರೆ ದಾಳಿಗೆ ತಗಲುವ ಖರ್ಚು. ಒಡೆದ ಹಡಗಿನ ಸರಕಿನಲ್ಲಿ ಸರಾಸರಿ ಅರ್ಧ ಮಾತ್ರ ಉಳಿದು ಲೂಟಿಗೆ ಸಿಗುತ್ತದೆ. ದಾಳಿಕೋರ ಕಳೆದುಕೊಳ್ಳುವ ಹಡಗುಗಳ ಬೆಲೆ ಆಟದ ಹಣದಲ್ಲಿ 1 ಕೋಟಿಯಾದರೆ, 2 ಕೋಟಿಗಿಂತ ಕಡಿಮೆ ಸರಕು ಹೊತ್ತವನನ್ನು ಹೊಡೆದು ಗಿಟ್ಟುವುದಿಲ್ಲ. ಇದನ್ನು ಹೊಸಬನಿಗೆ ಆಟದೊಳಗೇ ಯಾರಾದರೂ ಹೇಳಬೇಕು. ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ.

ಇದಕ್ಕಿಂತ ಅಚ್ಚುಕಟ್ಟಾದದ್ದು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಆಟದ ಅಪಾಯದ ವಲಯವಾದ ವೈಲ್ಡರ್‌ನೆಸ್. ಒಳಗೆ ಹೋದಷ್ಟೂ ವೈಲ್ಡರ್‌ನೆಸ್ ಲೆವೆಲ್ ಏರುತ್ತದೆ. 5ನೇ ಲೆವೆಲ್‌ನಲ್ಲಿ ನಿಮಗಿಂತ ಹೆಚ್ಚೆಂದರೆ 5 ಕಾಂಬ್ಯಾಟ್ ಲೆವೆಲ್ (ಕಾದಾಟದ ಬಲದ ಮಟ್ಟ) ಮೇಲಿನವನು ಅಥವಾ ಕೆಳಗಿನವನು ಮಾತ್ರ ಮೈಮೇಲೆ ಬೀಳಬಹುದು, 20ರಲ್ಲಿ ಆ ಅಂತರ 20. ಎಷ್ಟು ಅಪಾಯ ಬೇಕು ಎಂಬುದನ್ನು ಆಟಗಾರ ತನ್ನ ಕಾಲಿನಿಂದಲೇ ಅಳೆಯುತ್ತಾನೆ. ತಾನಾಗಿ ಕೈಮಾಡಿದವನ ತಲೆಯ ಮೇಲೆ ತಲೆಬುರುಡೆಯ ಗುರುತು ಮೂಡುತ್ತದೆ. ಅದಿಲ್ಲದವನು ಸತ್ತರೆ ಅತಿ ಬೆಲೆಯ 3 ವಸ್ತು ಉಳಿಯುತ್ತವೆ, ಅದಿರುವವನಿಗೆ ಆ ಭಾಗ್ಯವಿಲ್ಲ.

ಅಪಾಯವನ್ನು ಪೂರ್ತಿ ಬೇರೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಲ್ಟಿಮಾ ಆನ್‌ಲೈನ್ ಇದೆ. 2000ದಲ್ಲಿ ಆಟದ ಜಗತ್ತನ್ನೇ ಟ್ರ್ಯಾಮೆಲ್, ಫೆಲುಕ್ಕಾ ಎಂದು ಎರಡು ಮಾಡಿ, ಟ್ರ್ಯಾಮೆಲ್‌ನಲ್ಲಿ ಒಪ್ಪಿಗೆಯಿಲ್ಲದ ದಾಳಿ ನಿಲ್ಲಿಸಿದರು. ಜನ ಅತ್ತ ವಲಸೆ ಹೋದರು, ಫೆಲುಕ್ಕಾದಲ್ಲಿ ಉಳಿದದ್ದು ಕುರಿಗಳಿಲ್ಲದ ತೋಳಗಳು. ಮುಂದೆ ಕೌಶಲದ ಮಿತಿ ಏರಿಸುವ ಪವರ್ ಸ್ಕ್ರೋಲ್‌ನಂಥ ಆಮಿಷ ಇಟ್ಟು ಜನರನ್ನು ಮತ್ತೆ ಅತ್ತ ಕರೆಯಬೇಕಾಯಿತು.

ಇನ್ನು ಹೊಸಬರಿಗೆ ದಿನದ ಲೆಕ್ಕದಲ್ಲಿ ಕೊಡುವ ರಕ್ಷಣೆ, ಅಂದರೆ ಶೀಲ್ಡ್. ಏಳು ದಿನ ಯಾರೂ ಮುಟ್ಟುವಂತಿಲ್ಲ ಎಂದರೆ ಎಂಟನೇ ದಿನ ಬೆಳಗ್ಗೆ ಅಕ್ಕಪಕ್ಕದವರು ಗಡಿಯಾರ ನೋಡುತ್ತ ಕಾದು ಕೂತಿರುತ್ತಾರೆ. ಅಷ್ಟರಲ್ಲಿ ಹಳಬರೂ ಹೊಸ ಅಕೌಂಟ್ ತೆರೆದು ಅದೇ ಶೀಲ್ಡ್ ಮರೆಯಲ್ಲಿ ಸರಕು ಸಾಗಿಸುತ್ತಾರೆ, ಗೂಢಚಾರಿಕೆ ಮಾಡುತ್ತಾರೆ. ಆದ್ದರಿಂದ ಶೀಲ್ಡ್ ವಯಸ್ಸಿಗಲ್ಲ, ನಡತೆಗೆ ಅಂಟಿಕೊಂಡಿರಲಿ: ಯಾರ ಮೇಲಾದರೂ ದಾಳಿ ಮಾಡಿದೊಡನೆ, ಇಲ್ಲವೇ ಹೊತ್ತ ಸರಕು ಒಂದು ಬೆಲೆ ದಾಟಿದೊಡನೆ ಕಳಚಿ ಬೀಳಬೇಕು. ಕಳಚುವ ಮುನ್ನ ಪರದೆಯ ಮೇಲೆ ಸ್ಪಷ್ಟ ಎಚ್ಚರಿಕೆ ಬರಬೇಕು.

ಅಳೆಯುವುದೇನನ್ನು? ಸಾವಿನ ಸಂಖ್ಯೆಯನ್ನಲ್ಲ, ಚೇತರಿಕೆಯ ಸಮಯವನ್ನು. ಮೇಲಿನ ಉದಾಹರಣೆಯಲ್ಲಿ 8,000 ನಾಣ್ಯ ಮರಳಿ ದುಡಿಯಲು ಸುರಕ್ಷಿತ ವಲಯದಲ್ಲಿ 80 ನಿಮಿಷ ಬೇಕು. ಮೊದಲ ವಾರದಲ್ಲಿ ಇದು 20 ನಿಮಿಷ ದಾಟದಿದ್ದರೆ ಲೇಸು, ಅಂದರೆ ಹೊಸಬ ಹೊತ್ತೊಯ್ಯುವ ಗೇರ್ 2,000 ನಾಣ್ಯದೊಳಗಿರಲಿ. ಮೊದಲ ಸೋಲಿನ ನಂತರ 24 ಗಂಟೆಯೊಳಗೆ ಎಷ್ಟು ಮಂದಿ ಮರಳಿ ಲಾಗಿನ್ ಆದರು ಎಂಬುದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಸತ್ತಾಗ ಕಾಣುವ ಪರದೆಯನ್ನು ಮಾತ್ರ ಕಡೆಗಣಿಸಬೇಡಿ. ಯಾರು ಹೊಡೆದರು, ಯಾವ ದಿಕ್ಕಿನಿಂದ, ಹೋದದ್ದೇನು, ಉಳಿದದ್ದೇನು, ಇಷ್ಟು ಅಲ್ಲಿರಲಿ. ಕೆಳಗೆ ‘ಇದೇ ಗೇರ್ ಮತ್ತೆ ಕೊಳ್ಳಿ’ ಎಂಬ ಒಂದೇ ಗುಂಡಿ ಇರಲಿ. ಸೋತ ಸಿಟ್ಟಿನಲ್ಲಿರುವವನನ್ನು ಅಂಗಡಿಗೆ ಕಳಿಸಿ ಹೆಲ್ಮೆಟ್ಟು, ಬೂಟು, ಕತ್ತಿಯನ್ನು ಒಂದೊಂದಾಗಿ ಹುಡುಕಿಸಿದರೆ, ಬೂಟು ಸಿಗುವ ಮೊದಲೇ ಆಟ ಮುಚ್ಚಿರುತ್ತಾನೆ.